ಸೀಮೋಲ್ಲಂಘನ ನಿರ್ಣಯ

ಪೀಠಿಕೆ

ಕಾಲನಿರ್ಣಯದಲ್ಲಿ ನಮ್ಮ ಹಿರಿಯರು ಬಿಟ್ಟದ್ದು ಏನೂ ಇಲ್ಲ. ಉಗುರು ತೆಗೆಯಲು ವಾರ, ಎಣ್ಣೆನೀರಿಗೆ ವಾರ, ಹೊಸ ಬಟ್ಟೆ ಉಡಲು ನಕ್ಷತ್ರ, ಬಾವಿ ತೋಡಲು ಲಗ್ನ, ಎಲ್ಲಕ್ಕೂ ಗ್ರಂಥಾಧಾರ ಉಂಟು. ಆದರೆ ಅಮೆರಿಕದ ಪ್ರಜೆಯ ಕೈಹಿಡಿದು, ಕಾಯ್ದು ಕಾಯ್ದು ವಲಸೆ ವೀಸಾ ಪಡೆದ ಹುಡುಗಿ ಆ ದೇಶದ ಗಡಿಯನ್ನು ಮೊದಲ ಸಲ ಯಾವ ದಿನ ದಾಟಬೇಕು? ಇದರ ಬಗ್ಗೆ ಧರ್ಮಸಿಂಧು ಮೌನ, ನಿರ್ಣಯಸಿಂಧುವೂ ಮೌನ. ತಪ್ಪು ನಿರ್ಣಯಸಿಂಧು ಬರೆದ ಕಮಲಾಕರ ಭಟ್ಟರದಲ್ಲ. ಅವರು 1612ರಲ್ಲಿ ಗ್ರಂಥ ಮುಗಿಸುವಾಗ ಇಂಗ್ಲಿಷರು ಜೇಮ್ಸ್‌ಟೌನಿನಲ್ಲಿ ಗುಡಿಸಲು ಹಾಕಿ ಐದೇ ವರ್ಷ ಆಗಿತ್ತು. ಆ ಇಂಗ್ಲಿಷರು ಯಾವ ವೀಸಾದ ಮೇಲೆ ಇಳಿದಿದ್ದರೆಂಬುದು ಬೇರೆಯೇ ಪ್ರಬಂಧದ ವಸ್ತು.

ನಮ್ಮಲ್ಲಿ ಸೀಮೋಲ್ಲಂಘನಕ್ಕೆಂದೇ ಇಟ್ಟ ದಿನ ವಿಜಯದಶಮಿ. ಅಂದು ಊರಗಡಿ ದಾಟಿ ಬನ್ನಿಗಿಡಕ್ಕೆ ಕೈಮುಗಿದು ಬಂದರಾಯಿತು, ಬೇರೆ ಮುಹೂರ್ತ ಬೇಡ. ಆದರೆ 2025ರ ವಿಜಯದಶಮಿ ಅಕ್ಟೋಬರ್ 2ಕ್ಕೇ ಮುಗಿದಿತ್ತು, ನನ್ನ ತಂಗಿಯ ಮಗಳಿಗೆ ವೀಸಾ ಬಂದದ್ದು ನವೆಂಬರ್ 18ಕ್ಕೆ. ಹೀಗಾಗಿ ಶಾಸ್ತ್ರದ ಈ ಕೊರತೆಯನ್ನು ತುಂಬುವ ಭಾರ ಈ ಬಡ ಸೋದರಮಾವನ ಹೆಗಲಿಗೆ ಬಿತ್ತು.

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಬೇಕು.

ವೇದಾಂತದಲ್ಲಿ ಅಧಿಕಾರಿ ಎಂದರೆ ಗ್ರಂಥವನ್ನು ಓದಲು ಯೋಗ್ಯನಾದವನು. ನಮ್ಮ ಶಾಸ್ತ್ರದಲ್ಲಿ ಗಾಜಿನ ಹಿಂದೆ ಕೂತವನು. ಇಂಥ ಅಧಿಕಾರಿಗಳು ಇಬ್ಬರು. ಒಬ್ಬನು ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಅಮೆರಿಕನ್ ಕಾನ್ಸುಲೇಟಿನಲ್ಲಿ, ಇನ್ನೊಬ್ಬನು ಇಳಿಯುವ ವಿಮಾನ ನಿಲ್ದಾಣದಲ್ಲಿ. ಮೊದಲನೆಯವನು ಕೊಡುವುದು ಬಾಗಿಲು ತಟ್ಟುವ ಹಕ್ಕು ಮಾತ್ರ. ಬಾಗಿಲು ತೆಗೆಯುವುದು ಎರಡನೆಯವನ ಕೈಯಲ್ಲಿದೆ.

ವಿಷಯವು ಒಂದು ತಾರೀಖು.

ಸಂಬಂಧವು ಗಂಡಹೆಂಡಿರದು. ನಮ್ಮಲ್ಲಿ ಏಳು ಹೆಜ್ಜೆಗೆ ಸಿದ್ಧವಾಗುವ ಈ ಸಂಬಂಧ ಅಲ್ಲಿ ಐ-130 ಎಂಬ ಅರ್ಜಿಯಿಂದ ಶುರುವಾಗಿ, ಡಿಎಸ್-260 ದಾಟಿ, ಗಂಡ ಬರೆದುಕೊಡುವ ಐ-864 ಎಂಬ ಅನ್ನಬಟ್ಟೆಯ ಮುಚ್ಚಳಿಕೆಯಲ್ಲಿ ಗಟ್ಟಿಯಾಗುತ್ತದೆ. ಧಾರೆಯ ಫೋಟೋದಲ್ಲಿ ಪುರೋಹಿತರ ಬೆನ್ನು ಮಾತ್ರ ಕಂಡರೆ ಅದು ಸಂಬಂಧಕ್ಕೆ ಸಾಕ್ಷಿಯಾಗದು. ಆದ್ದರಿಂದ ಇನ್ನು ಮುಂದೆ ಪುರೋಹಿತರು ಓರೆಯಾಗಿ ಕೂರತಕ್ಕದ್ದು.

ಪ್ರಯೋಜನವು ಹಸಿರು ಕಾರ್ಡು. ಅದರ ಆಯಸ್ಸು ಎರಡು ವರ್ಷವೋ ಹತ್ತು ವರ್ಷವೋ ಎಂಬುದೇ ಇಲ್ಲಿನ ಜಿಜ್ಞಾಸೆ.

ಪ್ರಥಮ ಸೂತ್ರ: ವಿವಾಹಸ್ಯ ವಯಃ ಪ್ರವೇಶದಿನೇ ಗಣ್ಯತೇ

ಭಾಷ್ಯ: ಕಾರ್ಡಿನ ಆಸೆಗೆ ಮದುವೆಯಾಗುವವರನ್ನು ಹಿಡಿಯಲು ಅಮೆರಿಕ 1986ರಲ್ಲಿ ಒಂದು ಕಾನೂನು ಮಾಡಿತು. ಮದುವೆಯಾಗಿ 24 ತಿಂಗಳು ತುಂಬುವ ಮೊದಲೇ ಒಳಗೆ ಬಂದರೆ ಸಿಗುವುದು ಎರಡೇ ವರ್ಷದ ಷರತ್ತಿನ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನಗಳೊಳಗೆ ಗಂಡಹೆಂಡಿರಿಬ್ಬರೂ ಸಹಿಹಾಕಿ, 750 ಡಾಲರ್ ಕಟ್ಟಿ, ಐ-751 ಎಂಬ ಅರ್ಜಿ ಹಾಕಬೇಕು. ಮದುವೆ ಇನ್ನೂ ಮದುವೆಯಾಗಿಯೇ ಇದೆ ಎಂದು ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಬಿಲ್ಲುಗಳ ಮೂಲಕ ತೋರಿಸಬೇಕು. ಅದೇ 24 ತಿಂಗಳು ತುಂಬಿದ ಮೇಲೆ ಬಂದವರಿಗೆ ನೇರವಾಗಿ ಹತ್ತು ವರ್ಷದ ಕಾರ್ಡು. ಮೊದಲನೆಯದರ ಗೋತ್ರ ಸಿಆರ್-1, ಎರಡನೆಯದರದು ಐಆರ್-1.

ಮರ್ಮ ಇರುವುದು ಇಲ್ಲಿ. ಮದುವೆಯ ವಯಸ್ಸನ್ನು ಎಣಿಸುವುದು ವೀಸಾ ಕೊಟ್ಟ ದಿನವಲ್ಲ, ಗಡಿ ದಾಟಿದ ದಿನ. ವೀಸಾದ ಮೇಲೆ ಸಿಆರ್-1 ಎಂದೇ ಅಚ್ಚಾಗಿರಲಿ, ಎರಡು ವರ್ಷ ತುಂಬಿಸಿಕೊಂಡು ಇಳಿದವಳು ಕೌಂಟರಿನಲ್ಲಿ ಮದುವೆಯ ನೋಂದಣಿ ಪತ್ರ ತೋರಿಸಿ ಐಆರ್-1 ಎಂದು ಬರೆಸಿಕೊಳ್ಳಬಹುದು. ಗಡಿಯಲ್ಲಿ ಗೋತ್ರ ಬದಲಿಸಿಕೊಳ್ಳುವ ಈ ಸೌಕರ್ಯ ನಮ್ಮ ಯಾವ ಮಠದಲ್ಲೂ ಇಲ್ಲ.

ದ್ವಿತೀಯ ಸೂತ್ರ: ವೀಸಾ ಶ್ವಾಸಕೋಶಾಧೀನಾ

ಭಾಷ್ಯ: ಹಾಗಾದರೆ ಎಷ್ಟು ದಿನ ಬೇಕಾದರೂ ಕಾಯಬಹುದೇ? ಕೂಡದು. ವಲಸೆ ವೀಸಾದ ಆಯಸ್ಸು ಹೆಚ್ಚೆಂದರೆ ಆರು ತಿಂಗಳು, ಅದೂ ಸಾಮಾನ್ಯವಾಗಿ ವೈದ್ಯಕೀಯ ತಪಾಸಣೆಯ ದಿನಕ್ಕೆ ಕಟ್ಟುಬಿದ್ದದ್ದು. ಎದೆಯ ಎಕ್ಸ್‌ರೇ ಹಳತಾದರೆ ವೀಸಾವೂ ಹಳತು. ನಮ್ಮ ಹುಡುಗಿಯ ತಪಾಸಣೆ ಆದದ್ದು ಅಕ್ಟೋಬರ್ ಕೊನೆಗೆ, ಆದ್ದರಿಂದ ವೀಸಾ ಏಪ್ರಿಲ್ ಕೊನೆಗೆ ತೀರುತ್ತಿತ್ತು. ಜಾತಕದಲ್ಲಿ ಆಯುಷ್ಯಸ್ಥಾನ ಎಂಟನೆಯ ಮನೆ ಎಂದು ಜೋಯಿಸರು ಹೇಳಿಕೊಂಡು ಬಂದಿದ್ದಾರೆ. ವೀಸಾಶಾಸ್ತ್ರದಲ್ಲಿ ಅದು ಪುಪ್ಪುಸ.

ತೃತೀಯ ಸೂತ್ರ: ನ ತಿಥಿಃ, ತಾರೀಖು

ಭಾಷ್ಯ: ಮದುವೆ ನಡೆದದ್ದು 2024ರ ಫೆಬ್ರವರಿ 12, ಮಾಘ ಶುದ್ಧ ತದಿಗೆ. 2026ರಲ್ಲಿ ಅದೇ ತಿಥಿ ಬಂದದ್ದು ಜನವರಿ 21ಕ್ಕೆ. ಚಾಂದ್ರಮಾನದ ವರ್ಷ ಸುಮಾರು 11 ದಿನ ಗಿಡ್ಡ, ನಡುವೆ ಅಧಿಕಮಾಸವೂ ಬೀಳಲಿಲ್ಲ, ಹಾಗಾಗಿ ಎರಡು ವರ್ಷಕ್ಕೆ 22 ದಿನದ ಲಾಭ. "ಜನವರಿ 21ಕ್ಕೇ ಮದುವೆಗೆ ಎರಡು ತುಂಬುತ್ತದಲ್ಲ, ಅವತ್ತೇ ಇಳಿಯಲಿ" ಎಂದು ನಮ್ಮ ಜೋಯಿಸರು ಪಂಚಾಂಗ ಮಡಿಚಿಟ್ಟರು. ಗಣಿತ ನಿರ್ದುಷ್ಟ. ಆದರೆ ಸ್ಯಾನ್ ಫ್ರಾನ್ಸಿಸ್ಕೊ ಕೌಂಟರಿನಲ್ಲಿ ಒಂಟಿಕೊಪ್ಪಲ್ ಪಂಚಾಂಗ ಬಿಡಿಸಿ "ಸ್ವಾಮಿ, ತದಿಗೆ ಆಯಿತು" ಎಂದರೆ ಆತ ಅದನ್ನು ಕೃಷಿ ಉತ್ಪನ್ನವೆಂದು ತಿಳಿದು ಬೇರೆ ಸಾಲಿಗೆ ಕಳಿಸಿಯಾನು. ಅಮೆರಿಕಕ್ಕೆ ಸೂರ್ಯನೇ ಗತಿ, ಚಂದ್ರನ ಮೇಲೆ ಕಾಲಿಟ್ಟು ಬಂದ ಮೇಲೂ.

ದೇಶಕಾಲ ವಿಚಾರ

ಇನ್ನೊಂದು ಸೂಕ್ಷ್ಮ. ಚಳಿಗಾಲದಲ್ಲಿ ಬೆಂಗಳೂರು ಸ್ಯಾನ್ ಫ್ರಾನ್ಸಿಸ್ಕೊಗಿಂತ ಹದಿಮೂರೂವರೆ ಗಂಟೆ ಮುಂದೆ. ಫೆಬ್ರವರಿ 12ರ ಬೆಳಿಗ್ಗೆ ಮೈಸೂರಿನಲ್ಲಿ ತಾಯಿ ವಾರ್ಷಿಕೋತ್ಸವದ ಪಾಯಸಕ್ಕೆ ಹಾಲು ಕಾಯಿಸುವಾಗ ಅಲ್ಲಿ ಇನ್ನೂ 11ರ ಸಂಜೆ. ಒಂದೇ ಮದುವೆ, ಇಲ್ಲಿ ಎರಡು ವರ್ಷದ್ದು, ಅಲ್ಲಿ ಒಂದು ದಿನ ಕಮ್ಮಿ.

ಇದಕ್ಕೆ ಅಬುಧಾಬಿಯ ತೊಡಕು ಬೇರೆ. ಅಲ್ಲಿನ ವಿಮಾನ ನಿಲ್ದಾಣದಲ್ಲೇ ಅಮೆರಿಕದ ಅಧಿಕಾರಿಗಳು ಕೂತು, ವಿಮಾನ ಏರುವ ಮೊದಲೇ ಪ್ರವೇಶದ ಶಾಸ್ತ್ರ ಮುಗಿಸುತ್ತಾರೆ. ಡಬ್ಲಿನ್ ಮತ್ತು ಶಾನನ್‌ನಲ್ಲೂ ಇದೇ ಏರ್ಪಾಡು. ಹಾಗಿರುವಾಗ ಗಡಿ ಎಲ್ಲಿದೆ? ಮರಳುಗಾಡಿನಲ್ಲಿದೆಯೇ, ಸಮುದ್ರದಾಚೆಯೇ? ದಿನ ಬದಲಾಗುವುದು ಯಾರ ನಡುರಾತ್ರಿಗೆ? ಇಂಥ ಪ್ರಶ್ನೆಗಳು ವಾಕ್ಯಾರ್ಥ ಸಭೆಗೆ ಚಂದ, ಬೋರ್ಡಿಂಗ್ ಪಾಸ್ ಹಿಡಿದವರಿಗಲ್ಲ. ಅದಕ್ಕೇ ನಮ್ಮ ವಿಧಿ ಹೀಗಿದೆ: ಕಾಯುವುದಾದರೆ ವಾರ್ಷಿಕೋತ್ಸವದ ಮೇಲೆ ಎರಡು ದಿನ ಬಿಟ್ಟೇ ಇಳಿಯಬೇಕು. ಎರಡು ದಿನದ ಅಂತರದಲ್ಲಿ ಯಾವ ಭೂಗೋಳವೂ ವಾದಕ್ಕೆ ನಿಲ್ಲದು.

ಪೂರ್ವಪಕ್ಷಗಳು

ತವರಿನ ಪಕ್ಷ: ಸಂಕ್ರಾಂತಿಗೆ ಎಳ್ಳು ಬೀರದೆ ಹೋಗಕೂಡದು. ಶಿವರಾತ್ರಿ ಫೆಬ್ರವರಿ 15ಕ್ಕೇ ಇದೆ, ಅದನ್ನೂ ಮುಗಿಸಲಿ. ಮಾರ್ಚ್ 19ಕ್ಕೆ ಯುಗಾದಿ, ಬೇವುಬೆಲ್ಲ ತಿನ್ನದೆ ಹೇಗೆ ಕಳಿಸುವುದು? ಈ ಪಕ್ಷಕ್ಕೆ ವೀಸಾದ ಕೊನೆಯ ದಿನವೇ ಶುಭದಿನ.

ಅತ್ತೆಮನೆ ಪಕ್ಷ: ಅವರು ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಫ್ರೀಮಾಂಟಿನವರು. ಧನುರ್ಮಾಸದಲ್ಲಿ ಸೊಸೆ ಹೊಸಿಲು ದಾಟಬಾರದು, ಆದರೆ ಹೊಸವರ್ಷದ ಹೊತ್ತಿಗೆ ಮನೆಯಲ್ಲಿರಬೇಕು. ಧನುರ್ಮಾಸ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ. ಈ ಎರಡು ವಿಧಿಗಳ ವಿರೋಧವನ್ನು ಪರಿಹರಿಸಲು ಮೀಮಾಂಸಕರು ಇನ್ನೂ ಹುಟ್ಟಿಲ್ಲ.

ಟಿಕೆಟ್ ಪಕ್ಷ: ಕ್ರಿಸ್‌ಮಸ್ಸಿಗೆ ಮುಂಚಿನ ವಾರ ದರ ಮುಗಿಲಿಗೆ, ಜನವರಿ ಕೊನೆಗೆ ನೆಲಕ್ಕೆ. ಅಗ್ಗದ ದಿನವೇ ಅಮೃತಸಿದ್ಧಿ ಯೋಗ.

ಲೆಕ್ಕಿಗರ ಪಕ್ಷ: ವಲಸೆ ವೀಸಾದ ಮೇಲೆ ಕಾಲಿಟ್ಟ ದಿನದಿಂದ ಅವಳು ಅಲ್ಲಿನ ತೆರಿಗೆಗೆ ನಿವಾಸಿ. ಡಿಸೆಂಬರ್ 20ಕ್ಕೆ ಹೋದರೆ 2025ರ ಹನ್ನೆರಡು ದಿನಕ್ಕೂ ಮೈಸೂರಿನ ಎಫ್‌ಡಿ ಬಡ್ಡಿಯ ಲೆಕ್ಕ ಒಪ್ಪಿಸಬೇಕು. ಜನವರಿ 1 ಕಳೆದರೆ ಆ ರಗಳೆ ಇಲ್ಲ. ಮತ್ತೊಂದು ಕಡೆಯಿಂದ ನೋಡಿದರೆ, ಅಮೆರಿಕದ ಪ್ರಜೆಯ ಜತೆ ಸಂಸಾರ ಮಾಡುವವರಿಗೆ ಪೌರತ್ವದ ಮೂರು ವರ್ಷದ ಎಣಿಕೆ ಆರಂಭವಾಗುವುದೂ ಕಾಲಿಟ್ಟ ದಿನವೇ. ಕಾಯ್ದಷ್ಟೂ ಅದು ಮುಂದೆ ಹೋಗುತ್ತದೆ. ಈ ಪಕ್ಷದವರು ತಮ್ಮನ್ನು ತಾವೇ ಖಂಡಿಸಿಕೊಂಡು ಫೀಸು ತೆಗೆದುಕೊಳ್ಳುತ್ತಾರೆ.

ಗಂಡನ ಪಕ್ಷ: ಇದಕ್ಕೆ ಗ್ರಂಥವಿಲ್ಲ. ಅಳಿಯ ಕಳಿಸಿದ್ದು ಒಂದು ಫೋಟೋ ಮಾತ್ರ, ಖಾಲಿ ಮಾಡಿಟ್ಟ ಅರ್ಧ ವಾರ್ಡ್‌ರೋಬಿನದು.

ಪ್ರವೇಶವಿಧಿ

ನಮ್ಮಲ್ಲಿ ಸೊಸೆ ಬಲಗಾಲಿನಿಂದ ಅಕ್ಕಿಯ ಸೇರನ್ನು ಒದ್ದು ಒಳಗೆ ಬರುತ್ತಾಳೆ. ಗಡಿಯಲ್ಲಿ ಸೇರಿಲ್ಲ, ಸಾಲು ಇದೆ. ಕಾನ್ಸುಲೇಟ್ ಮುಚ್ಚಿದ ಲಕೋಟೆ ಕೊಟ್ಟಿದ್ದರೆ ಅದನ್ನು ಬಿಚ್ಚತಕ್ಕದ್ದಲ್ಲ, ಸೂಟ್‌ಕೇಸಿಗೆ ಹಾಕತಕ್ಕದ್ದೂ ಅಲ್ಲ. ಎಕ್ಸ್‌ರೇ ಕೊಟ್ಟಿದ್ದರೆ ಅದೂ ಕೈಚೀಲದಲ್ಲೇ. ಕಾರ್ಡು ಅಚ್ಚಾಗುವುದಕ್ಕೆ ಕಟ್ಟಬೇಕಾದ 235 ಡಾಲರನ್ನು ಊರಿನಲ್ಲಿರುವಾಗಲೇ ಕಟ್ಟಿರಬೇಕು.

ತಾಯಿ ಹುಳಿಪುಡಿಯ ಪಕ್ಕ ತುರುಕಿದ ಹಸಿ ಕರಿಬೇವನ್ನು ವಿಮಾನ ಹತ್ತುವ ಮೊದಲೇ ತ್ಯಜಿಸಬೇಕು. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟಕ್ಕೆ ಅದು ಆಶ್ರಯವೆಂದು ಆ ದೇಶ ಅದನ್ನು ಬಿಡುವುದಿಲ್ಲ. ಸೊಸೆಯನ್ನು ಷರತ್ತಿನ ಮೇಲಾದರೂ ಬಿಡುವ ದೇಶ ಕರಿಬೇವಿಗೆ ಷರತ್ತಿನ ಕಾರ್ಡನ್ನೂ ಕೊಡದು.

ಕೌಂಟರಿನಿಂದ ಒಳಕೋಣೆಗೆ ಕಳಿಸಿದರೆ ಗಾಬರಿ ಬೇಡ, ವಲಸೆ ವೀಸಾದವರಿಗೆ ಅದು ಮಾಮೂಲು. ಮುಂದಿನ ವಿಮಾನಕ್ಕೆ ಮೂರು ನಾಲ್ಕು ಗಂಟೆ ಬಿಡುವಿರಲಿ. ಮುದ್ರೆ ಬಿದ್ದ ವೀಸಾವೇ ಒಂದು ವರ್ಷ ಕಾರ್ಡಿನ ಕೆಲಸ ಮಾಡುತ್ತದೆ. ಮುದ್ರೆಯ ಪಕ್ಕ ಬರೆದ ಅಕ್ಷರ ಸಿ ಹೌದೋ ಐ ಹೌದೋ ಎಂದು ಅಲ್ಲೇ ನಿಂತು ಓದಿಕೊಳ್ಳಬೇಕು. ಮನೆಗೆ ಹೋಗಿ ಓದಿದರೆ ಅದು ಪುರಾಣಶ್ರವಣ.

ಸಿದ್ಧಾಂತ

ಇಷ್ಟೆಲ್ಲ ಮಥಿಸಿ ನಾನು ತೆಗೆದ ಬೆಣ್ಣೆ: 2026ರ ಫೆಬ್ರವರಿ 14, ಶನಿವಾರ. ಮದುವೆಗೆ ಎರಡು ವರ್ಷವೂ ಎರಡು ದಿನವೂ ಆಗಿರುತ್ತದೆ, ವೀಸಾ ಜೀವಂತ, ಎಕ್ಸ್‌ರೇ ತಾಜಾ, ಧನುರ್ಮಾಸ ಕಳೆದಿದೆ, ಸಂಕ್ರಾಂತಿ ಆಗಿದೆ, ಟಿಕೆಟ್ ಅಗ್ಗ. ಶಿವರಾತ್ರಿಯ ಜಾಗರಣೆಯನ್ನು ವಿಮಾನದ ನಿದ್ದೆಗೆಟ್ಟ ಕಣ್ಣು ತಾನಾಗಿ ಮಾಡುತ್ತದೆ. ನಿರ್ಣಯವನ್ನು ಹುಡುಗಿಗೆ ಓದಿಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಮಾವಾ, ಮದುವೆಯಾಗಿ ಎಷ್ಟು ದಿನ ಆಯ್ತು ಅಂತ ಎಲ್ಲರೂ ಲೆಕ್ಕ ಹಾಕಿದ್ರಿ. ನಾವಿಬ್ಬರೂ ಒಟ್ಟಿಗಿದ್ದದ್ದು ಎಷ್ಟು ದಿನ ಗೊತ್ತಾ?"

ನನ್ನ ಗ್ರಂಥದಲ್ಲಿ ಆ ಅಧ್ಯಾಯವೇ ಇರಲಿಲ್ಲ.

"ಮೂವತ್ತೇಳು," ಅಂದಳು.

ಡಿಸೆಂಬರ್ 19ರ ಶುಕ್ರವಾರ ರಾತ್ರಿ ಹೊರಟಳು. ಅಂದು ಎಳ್ಳಮಾವಾಸ್ಯೆ. ಧನುರ್ಮಾಸ ಬೇರೆ, ಟಿಕೆಟ್ ಕೊಂಡದ್ದು ಕ್ರಿಸ್‌ಮಸ್ ದರಕ್ಕೆ. ಶಾಸ್ತ್ರ, ಲೆಕ್ಕ, ಸಂಪ್ರದಾಯ ಮೂರೂ ಒಟ್ಟಾಗಿ ಬೇಡವೆಂದ ದಿನ ಇದಕ್ಕಿಂತ ಇನ್ನೊಂದು ಸಿಕ್ಕುತ್ತಿರಲಿಲ್ಲ. 20ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮುದ್ರೆ ಬಿತ್ತು. ಅಕ್ಷರ ಸಿ.

ಆದ್ದರಿಂದ ಓದುಗರಿಗೆ ಪರಿಷ್ಕೃತ ನಿರ್ಣಯ: ವಾರ್ಷಿಕೋತ್ಸವಕ್ಕೆ ಕೆಲವೇ ವಾರ ಉಳಿದಿದ್ದರೆ ಕಾಯಿರಿ, ಎರಡು ದಿನ ಸೇರಿಸಿ ಇಳಿಯಿರಿ, ಐ-751ರ ಖರ್ಚು ಉಳಿಯುತ್ತದೆ. ತಿಂಗಳುಗಟ್ಟಲೆ ಇದ್ದರೆ ಹೊರಡಿ. ಕೆಲವೇ ವಾರ ಎಂದರೆ ಎಷ್ಟು ಎಂಬುದನ್ನು ಆ ಇಬ್ಬರೇ ಹೇಳಬೇಕು, ಸೋದರಮಾವಂದಿರಿಗೆ ಅಧಿಕಾರವಿಲ್ಲ.

ನಮ್ಮ ಹುಡುಗಿ ಐ-751 ಹಾಕುವ ಅವಧಿ 2027ರ ಸೆಪ್ಟೆಂಬರ್ 21ಕ್ಕೆ ಶುರುವಾಗುತ್ತದೆ. ಅದಕ್ಕೆ ಬೇಕಾದ ದಾಖಲೆಗಳಲ್ಲಿ ಮೊದಲನೆಯದು, ಫ್ರೀಮಾಂಟಿನ ಕರೆಂಟ್ ಬಿಲ್ಲು, ಈಗಾಗಲೇ ಇಬ್ಬರ ಹೆಸರಿನಲ್ಲೂ ಬಂದಿದೆ.