ನಿಷ್ಠಾಧನ ಮೀಮಾಂಸೆ: ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್‌ಗಳ ಸ್ವಾಮಿಭಕ್ತಿಯನ್ನು ಕುರಿತ ಸಭಾಷ್ಯ ಸೂತ್ರಗ್ರಂಥ

ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್‌ಗಳ ಸ್ವಾಮಿಭಕ್ತಿಯನ್ನು ಅಭಿಮಾನಿಗಳು ಶಪಿಸಿದ್ದಾರೆ, ವಕೀಲರು ಅಳೆದಿದ್ದಾರೆ, ವರದಿಗಾರರು ಉಪ್ಪುಖಾರ ಹಚ್ಚಿ ಬಡಿಸಿದ್ದಾರೆ. ಶಾಸ್ತ್ರಕ್ಕೆ ಅಳವಡಿಸಿದವರು ಮಾತ್ರ ಒಬ್ಬರೂ ಇಲ್ಲ. ಆ ಕೊರತೆ ನೀಗಲೆಂದು ಈ ಕಿರುಗ್ರಂಥ. ಪ್ರಾಚೀನರ ಕ್ರಮದಂತೆ ಮೊದಲು ಸೂತ್ರ, ಆಮೇಲೆ ಭಾಷ್ಯ. ಭಾಷ್ಯ ಬೇಡದ ಕಡೆ ‘ಸ್ಪಷ್ಟ’ ಎಂದಷ್ಟೇ ಬರೆದು ಮುಂದೆ ಹೋಗಲಾಗಿದೆ.

ಹೊಸಬರಿಗೆ ಎರಡು ಮಾತು. ಇಲ್ಲಿ ಫುಟ್‌ಬಾಲ್ ಎಂದರೆ ತಲೆಗೆ ಶಿರಸ್ತ್ರಾಣ, ಭುಜಕ್ಕೆ ಕವಚ ತೊಟ್ಟವರು ಎರಡೂ ತುದಿ ಚೂಪಾದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುವ ಆಟ. ಬೀಳುವವರು ವಿದ್ಯಾರ್ಥಿಗಳು. ನೋಡುವವರು ಊರಿಗೆ ಊರೇ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ 1,07,601 ಆಸನಗಳಿವೆ. ಅಂಚಿನಲ್ಲಿ ನಿಂತು, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಎಲ್ಲರನ್ನೂ ಬೈಯುವವನೇ ಕೋಚ್. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳದ ಪಟ್ಟಿಯ ಮೊದಲ ಹೆಸರು ಅವನದು. ಗವರ್ನರ್, ಕುಲಪತಿ, ವೈದ್ಯಕೀಯ ಕಾಲೇಜಿನ ಡೀನ್ ಎಲ್ಲರೂ ಕೆಳಗೆಲ್ಲೋ ಸಿಗುತ್ತಾರೆ. ನಮ್ಮ ಶಾಸನಗಳ ಜೋಳವಾಳಿಯ ಮಾನದಂಡ ಇಲ್ಲಿ ಕೆಲಸಕ್ಕೆ ಬಾರದು. ಅಲ್ಲಿ ಜೋಳ ಉಂಡವನು ಒಡೆಯನಿಗಾಗಿ ಸಾಯುತ್ತಿದ್ದ. ಇಲ್ಲಿ ಒಡೆಯನೇ ಸಾಯುವಷ್ಟು ಜೋಳ ಅಳೆದು ಹಾಕುತ್ತಾನೆ.

ಸೂತ್ರ 1. ಇರುವವರೆಗೆ ಇರುವುದೇ ನಿಷ್ಠೆ.

ಪೂರ್ವಪಕ್ಷಿಯು ಕೇಳುತ್ತಾನೆ: ಹಾಗಾದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತವನೂ ನಿಷ್ಠನೇ? ಹೌದು, ಬಸ್ಸು ಬರುವವರೆಗೆ. 1998ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ, ಅಂದರೆ ಜನ ‘ಓಲ್ ಮಿಸ್’ ಎಂದು ಕರೆಯುವ ಸಂಸ್ಥೆಯ ಕೋಚ್ ಟಾಮಿ ಟ್ಯೂಬರ್‌ವಿಲ್, ತನ್ನನ್ನು ಇಲ್ಲಿಂದ ಪೈನ್ ಮರದ ಪೆಟ್ಟಿಗೆಯಲ್ಲೇ ಹೊತ್ತೊಯ್ಯಬೇಕು ಎಂದು ಸಾರಿದರು. ವಾರ ಕಳೆಯುವುದರೊಳಗೆ ಆಬರ್ನ್ ವಿಶ್ವವಿದ್ಯಾಲಯದ ಕೋಚ್ ಆದರು, ಜೀವಂತವಾಗಿ. ಇದನ್ನು ವಚನಭಂಗ ಎನ್ನುವವರು ವಾಕ್ಯಾರ್ಥ ಬಲ್ಲವರಲ್ಲ. ಪೆಟ್ಟಿಗೆ ಎಂದ ಮಾತ್ರಕ್ಕೆ ಶವಪೆಟ್ಟಿಗೆಯೇ ಎಂದೇಕೆ ತಿಳಿಯಬೇಕು? ಮನೆ ಬದಲಿಸುವಾಗ ಸಾಮಾನು ತುಂಬುವ ಪೆಟ್ಟಿಗೆಗೂ ಪೈನ್ ಮರ ಆಗುತ್ತದೆ. ಟ್ಯೂಬರ್‌ವಿಲ್ 2020ರಲ್ಲಿ ಅಲಬಾಮಾದಿಂದ ಅಮೆರಿಕದ ಸೆನೆಟ್‌ಗೆ ಆಯ್ಕೆಯಾದರು. ಆಶ್ವಾಸನೆಯ ಕಲೆಯಲ್ಲಿ ಅಷ್ಟು ಪೂರ್ವಾಭ್ಯಾಸವಿದ್ದವರಿಗೆ ಅದು ಸಹಜವಾದ ಬಡ್ತಿ.

ಸೂತ್ರ 2. ಇಲ್ಲವೆಂಬುದು ಹೊರಡುವವನ ಲಕ್ಷಣ.

2006ರ ಡಿಸೆಂಬರ್ 21. ನಿಕ್ ಸೇಬನ್ ಆಗ ವೃತ್ತಿಪರ ತಂಡವಾದ ಮಯಾಮಿ ಡಾಲ್ಫಿನ್ಸ್‌ನ ಕೋಚ್. ಅಲಬಾಮಾ ವಿಶ್ವವಿದ್ಯಾಲಯ ಅವರ ಹಿಂದೆ ಬಿದ್ದಿದೆ ಎಂದು ವರದಿಗಾರರು ಪೀಡಿಸಿದಾಗ, ಹೇಳಲೇಬೇಕಾಗಿ ಬಂತಲ್ಲ ಎಂಬ ಬೇಸರದಲ್ಲಿ, ತಾನು ಅಲಬಾಮಾದ ಕೋಚ್ ಆಗುವುದಿಲ್ಲ ಎಂದರು. ಜನವರಿ 3ರಂದು ಆದರು. ಕರಾರು ಎಂಟು ವರ್ಷದ್ದು, 3.2 ಕೋಟಿ ಡಾಲರ್‌ನದು. ಮಯಾಮಿಯ ಜನ ‘ಸುಳ್ಳ’ ಎಂದು ಕೂಗಿದರು. ಆದರೆ ವಾಕ್ಯ ಹೊರಬಿದ್ದ ಕ್ಷಣದಲ್ಲಿ ಅವರು ಅಲಬಾಮಾದ ಕೋಚ್ ಆಗಿರಲಿಲ್ಲ ಎಂಬುದು ನಿರ್ವಿವಾದ. ಕ್ಷಣಭಂಗವಾದಿಗಳಾದ ಬೌದ್ಧರಿಗೆ ಇದರಲ್ಲಿ ತೊಡಕೇ ಇಲ್ಲ: 21ನೇ ತಾರೀಖಿನ ಸೇಬನ್ ಬೇರೆ, 3ನೇ ತಾರೀಖಿನ ಸೇಬನ್ ಬೇರೆ, ಒಬ್ಬನ ಮಾತಿಗೆ ಇನ್ನೊಬ್ಬನನ್ನು ಹೊಣೆ ಮಾಡುವುದು ಅನ್ಯಾಯ. ಅಲಬಾಮಾದಲ್ಲಿ ಅವರು ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದು 2024ರಲ್ಲಿ ನಿವೃತ್ತರಾದರು. ಆ ಹದಿನೇಳು ಋತುಗಳಲ್ಲಿ ಅಲ್ಲಿನ ಯಾರಿಗೂ ಸತ್ಯಾಸತ್ಯದ ಜಿಜ್ಞಾಸೆ ಕಾಡಿದಂತೆ ಕಾಣುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಲಿಂಕನ್ ರೈಲಿ ಪ್ರಕರಣ. 2021ರ ನವೆಂಬರ್ 27ರ ರಾತ್ರಿ ಓಕ್ಲಹೋಮಾದ ಕೋಚ್ ಆಗಿದ್ದ ಅವರನ್ನು, ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗುತ್ತೀರಾ ಎಂದು ಕೇಳಲಾಯಿತು. ಅಲ್ಲಿನ ಮುಂದಿನ ಕೋಚ್ ತಾನಲ್ಲ ಎಂದರು. ಮರುದಿನ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಹೋದರು. ಹರಿಶ್ಚಂದ್ರನೂ ಇಷ್ಟು ನಿಖರವಾಗಿ ಮಾತಾಡಿರಲಾರ. ತಪ್ಪು ಕೇಳಿದವನದು, ಅವನು ನೂರಾ ಚಿಲ್ಲರೆ ಕಾಲೇಜುಗಳ ಹೆಸರನ್ನು ಒಂದೊಂದಾಗಿ ಹಿಡಿದು ಕೇಳಬೇಕಿತ್ತು.

ಆದ್ದರಿಂದ ಈ ಶಾಸ್ತ್ರದಲ್ಲಿ ಶಬ್ದಪ್ರಮಾಣ ದುರ್ಬಲ. ಪ್ರತ್ಯಕ್ಷವೇ ಗತಿ, ಮತ್ತು ಇಲ್ಲಿ ಪ್ರತ್ಯಕ್ಷವೆಂದರೆ ವಿಮಾನ. ನವೆಂಬರ್ ಬಂತೆಂದರೆ ಅಭಿಮಾನಿಗಳು ಧನಿಕ ದಾನಿಗಳ ಖಾಸಗಿ ಜೆಟ್‌ಗಳ ನಂಬರು ಹಿಡಿದು, ಯಾವುದು ಯಾವ ಸಣ್ಣ ಊರಿನಲ್ಲಿ ಇಳಿಯಿತು ಎಂದು ರಾತ್ರಿಯಿಡೀ ಕಂಪ್ಯೂಟರಿನಲ್ಲಿ ಕಾಯುತ್ತಾರೆ. ಹೊಗೆ ಕಂಡರೆ ಬೆಂಕಿ ಎಂಬ ಹಳೆಯ ಅನುಮಾನಕ್ಕಿಂತ ಇದು ಗಟ್ಟಿ.

ಸೂತ್ರ 3. ವಿದಾಯವು ಚಿಕ್ಕದಿದ್ದಷ್ಟೂ ಶ್ರೇಷ್ಠ.

ಈ ಪ್ರಕಾರದ ಅಭಿಜಾತ ಕೃತಿ ಬಾಬಿ ಪೆಟ್ರೀನೊ ಅವರದು. 2007ರ ಡಿಸೆಂಬರಿನಲ್ಲಿ, 13 ಪಂದ್ಯಗಳ ನಂತರ, ವೃತ್ತಿಪರ ತಂಡವಾದ ಅಟ್ಲಾಂಟಾ ಫಾಲ್ಕನ್ಸ್ ತೊರೆಯುವಾಗ ಅವರು ಆಟಗಾರರ ಲಾಕರುಗಳಲ್ಲಿ ನಾಲ್ಕು ವಾಕ್ಯಗಳ ಪತ್ರ ಬಿಟ್ಟುಹೋದರು. ಎಲ್ಲ ಪ್ರತಿಗಳೂ ಏಕರೂಪ, ಪಾಠಾಂತರವಿಲ್ಲ. ಒಂದು ಪ್ರತಿಯ ಮೇಲೆ ಮಾತ್ರ ಅದನ್ನು ಪಡೆದ ಆಟಗಾರ ‘ಹೇಡಿ’ ಎಂದು ಬರೆದಿದ್ದಾನೆ. ಇದು ಮೂಲಪಾಠವಲ್ಲ, ನಂತರದ ಟಿಪ್ಪಣಿ ಎಂದು ಸಂಪಾದಕರು ಗಮನಿಸಬೇಕು. ಅದೇ ರಾತ್ರಿ ಕವಿ ಅರ್ಕಾನ್ಸಾ ವಿಶ್ವವಿದ್ಯಾಲಯದ ವೇದಿಕೆಯಲ್ಲಿ, ಅಲ್ಲಿನವರ ಪದ್ಧತಿಯಂತೆ ಹಂದಿ ಕರೆಯುವ ಕೂಗು ಹಾಕುತ್ತಿದ್ದರು.

ಬ್ರಯಾನ್ ಕೆಲಿ ಪತ್ರಸಾಹಿತ್ಯವನ್ನು ಮೊಬೈಲಿಗೆ ಇಳಿಸಿದರು. ಅವರ ನೋಟರ್ ಡೇಮ್ ತಂಡ 2021ರಲ್ಲಿ 11 ಗೆದ್ದು ಒಂದೇ ಸೋತಿತ್ತು, ರಾಷ್ಟ್ರೀಯ ಪ್ರಶಸ್ತಿಯ ಆಸೆ ಇನ್ನೂ ಜೀವಂತವಾಗಿತ್ತು. ರಾತ್ರಿ ಹುಡುಗರಿಗೆ ಒಂದು ಸಂದೇಶ; ಬೆಳಿಗ್ಗೆ ಏಳಕ್ಕೆ ಕೆಲವೇ ನಿಮಿಷಗಳ ಸಭೆ; ಆಮೇಲೆ ವಿಮಾನ. ರೈಲಿ ಸಿಗದ ಲೂಯಿಸಿಯಾನಾ ಸ್ಟೇಟ್ ಅವರಿಗೆ 10 ವರ್ಷಕ್ಕೆ 9.5 ಕೋಟಿ ಡಾಲರ್ ಬರೆದುಕೊಟ್ಟಿತ್ತು. ಹೊಸ ಊರಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಮೈಕು ಹಿಡಿದ ಕೆಲಿ ‘ಫ್ಯಾಮಿಲಿ’ ಎಂದಾಗ ದಕ್ಷಿಣದವರ ರಾಗ ಎಳೆದರು, ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನಲ್ಲಿ. ಭಾಷಾವಿಜ್ಞಾನಿಗಳು ತಲೆಮಾರುಗಳು ಬೇಕೆನ್ನುವ ಧ್ವನಿಪಲ್ಲಟವನ್ನು ಅವರು ಒಂದು ವಾರದೊಳಗೆ ಮುಗಿಸಿದ್ದರು.

ಸೂತ್ರ 4. ಬಿಡಿಸುವ ಬೆಲೆಯೇ ಕಟ್ಟಿಕೊಂಡ ಪ್ರೀತಿ.

ಈ ಸೂತ್ರವೇ ಗ್ರಂಥದ ಹೃದಯ. ಅದಕ್ಕೇ ಭಾಷ್ಯ ಉದ್ದ. 2017ರ ಡಿಸೆಂಬರಿನ ಆರಂಭದಲ್ಲಿ ಟಲಹ್ಯಾಸಿ ಊರಿನ ಒಂದು ಮನೆಯ ಮುಂದೆ, ಕ್ರಿಸ್‌ಮಸ್‌ಗೆ ಇನ್ನೂ ಮೂರು ವಾರ ಇರುವಾಗಲೇ, ಕ್ರಿಸ್‌ಮಸ್ ಮರವೊಂದು ರಸ್ತೆಬದಿ ಬಿದ್ದಿತ್ತು. ಮನೆ ಫ್ಲೋರಿಡಾ ಸ್ಟೇಟ್‌ನ ಕೋಚ್ ಜಿಂಬೊ ಫಿಶರ್ ಅವರದು. ಆ ಮರದ ಚಿತ್ರ ದೇಶವಿಡೀ ಸುತ್ತಿತು; ರಾಜೀನಾಮೆಗಿಂತ ಮೊದಲು ರಾಜೀನಾಮೆ ಕೊಟ್ಟ ಮರ ಅದು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಫಿಶರ್‌ಗೆ 10 ವರ್ಷಕ್ಕೆ 7.5 ಕೋಟಿ ಡಾಲರ್ ಕೊಟ್ಟಿತು, ಪೂರ್ತಿ ಖಾತರಿಯೊಂದಿಗೆ. ಸ್ವಾಗತ ಸಮಾರಂಭದಲ್ಲಿ ಚಾನ್ಸಲರ್ ಜಾನ್ ಶಾರ್ಪ್ ಒಂದು ಫಲಕ ಅರ್ಪಿಸಿದರು. ಅದರಲ್ಲಿ ರಾಷ್ಟ್ರೀಯ ಚಾಂಪಿಯನ್ ಎಂದು ಕೊರೆದಿತ್ತು; ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಖಾಲಿ. ಶಾಸನತಜ್ಞರು ಮಳೆಗಾಳಿಗೆ ಸವೆದ ಅಕ್ಷರಗಳ ಜಾಗದಲ್ಲಿ ಚುಕ್ಕಿ ಹಾಕಿ ‘ತ್ರುಟಿತ’ ಎನ್ನುತ್ತಾರೆ. ಘಟನೆಗೆ ಮೊದಲೇ ತ್ರುಟಿತವಾಗಿ ಕೊರೆಸಿದ ಶಾಸನ ಬಹುಶಃ ಇದೊಂದೇ. ಆ ವಿಶ್ವವಿದ್ಯಾಲಯ ಕೊನೆಯದಾಗಿ ಚಾಂಪಿಯನ್ ಆದದ್ದು 1939ರಲ್ಲಿ.

ಜಾಗ ತುಂಬಲಿಲ್ಲ. ಆದರೂ 2021ರಲ್ಲಿ ಕರಾರನ್ನು 2031ರವರೆಗೆ ಹಿಗ್ಗಿಸಿ ಇನ್ನಷ್ಟು ಸುರಿದರು. 2023ರ ನವೆಂಬರ್ 11ರಂದು ಫಿಶರ್ ತಂಡ ಮಿಸಿಸಿಪಿ ಸ್ಟೇಟನ್ನು 51–10ರಿಂದ ಬಡಿಯಿತು. ಮರುದಿನ ಅವರನ್ನು ತೆಗೆದರು. ತೆಗೆದದ್ದಕ್ಕೆ ದಕ್ಷಿಣೆ ಸುಮಾರು 7.6 ಕೋಟಿ ಡಾಲರ್. ಅರವತ್ತು ದಿನದೊಳಗೆ 1.92 ಕೋಟಿ, ಉಳಿದದ್ದು 2031ರವರೆಗೆ ವರ್ಷಕ್ಕೆ 72 ಲಕ್ಷದಂತೆ. ಬೇರೆ ಕಡೆ ಕೆಲಸ ಸಿಕ್ಕರೂ ಕಡಿತವಿಲ್ಲ. ಕೆಲಸ ಮಾಡಿ ಪಡೆಯಬೇಕಿದ್ದುದನ್ನು ಕೆಲಸ ಮಾಡದೆ ಪಡೆಯುವುದಕ್ಕೆ ಗೀತೆಯ ನಿಷ್ಕಾಮಕರ್ಮ ಸಾಲದು, ಇದು ನಿಷ್ಕರ್ಮಕಾಮ. ಇದರ ಆದ್ಯ ಋಷಿ ಚಾರ್ಲಿ ವೈಸ್. ನೋಟರ್ ಡೇಮ್ 2009ರಲ್ಲಿ ಅವರನ್ನು ತೆಗೆದು 2015ರವರೆಗೆ ಸುಮಾರು 1.9 ಕೋಟಿ ಡಾಲರ್ ಕೊಟ್ಟಿತು. ನಡುವೆ ಕ್ಯಾನ್ಸಸ್ ಕರೆದು, 2014ರಲ್ಲಿ ತಾನೂ ತೆಗೆಯಿತು. ಹೀಗೆ ಕೆಲಕಾಲ ಎರಡು ವಿಶ್ವವಿದ್ಯಾಲಯಗಳು, ನಮ್ಮಲ್ಲಿ ಮಾತ್ರ ಆಡಿಸಬೇಡಿ ಎಂದು, ಒಬ್ಬರಿಗೇ ಹಣ ಕಟ್ಟುತ್ತಿದ್ದವು.

ಪಿಎಚ್‌ಡಿ ಮಾಡಿದವರು ಕೂತು ಇಂಥ ಕರಾರಿಗೆ ಸಹಿ ಹಾಕುವುದೇಕೆ? ಕಾರಣ ವದಂತಿ. ದೊಡ್ಡ ಕಾಲೇಜಿನಲ್ಲೊಂದು ಜಾಗ ಖಾಲಿಯಾದರೆ ದೇಶದ ಹೆಸರಾಂತ ಕೋಚ್‌ಗಳ ಹೆಸರೆಲ್ಲ ಅದರ ಜೊತೆ ಕೇಳಿಬರುತ್ತದೆ. ಸೇಬನ್, ಫಿಶರ್, ಮುಂದೆ ಬರಲಿರುವ ಲೇನ್ ಕಿಫಿನ್, ಈ ಮೂವರ ಏಜೆಂಟೂ ಜಿಮ್ಮಿ ಸೆಕ್ಸ್‌ಟನ್ ಒಬ್ಬರೇ ಎಂಬುದನ್ನು ಇಲ್ಲಿ ನೆನೆಯಬಹುದು. 2013ರ ಡಿಸೆಂಬರಿನಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕೋಚ್ ಹುದ್ದೆ ಅಲ್ಲಾಡುತ್ತಿತ್ತು, ಸೇಬನ್ ಹೆಸರು ತೇಲಿತು. ಅಲಬಾಮಾ ಅವರ ಕರಾರನ್ನು ಬೆಳೆಸಿತು. ಮೇಲಾಗಿ, 2017ರಿಂದ ಹೊಸ ಹುಡುಗರು ಡಿಸೆಂಬರಿನಲ್ಲೇ ಸಹಿ ಹಾಕುತ್ತಾರೆ. ಅಷ್ಟರೊಳಗೆ ಕುರ್ಚಿಯಲ್ಲಿ ಒಬ್ಬ ಇರದಿದ್ದರೆ ಮುಂದಿನ ವರ್ಷದ ಬೆಳೆ ಹೋಯಿತು. ಹೀಗೆ ಅವಸರದಲ್ಲಿ, ದಾನಿಗಳ ಹಣದ ಬಲದಲ್ಲಿ ಬರೆದ ಕರಾರಿನಲ್ಲಿ ಆಟದ ವಿಚಾರ ಕಡಿಮೆ, ಬೇರೆಯಾಗುವ ವಿಚಾರ ಹೆಚ್ಚು. ಲಗ್ನಪತ್ರಿಕೆಯ ಹಿಂಬದಿಯಲ್ಲೇ ಸೋಡಚೀಟಿ ಅಚ್ಚು ಹಾಕಿಸಿದ ಹಾಗೆ.

ಲೂಯಿಸಿಯಾನಾ ಸ್ಟೇಟ್‌ನಲ್ಲಿ ಕೆಲಿಯವರ ಕಥೆ 2025ರ ಅಕ್ಟೋಬರಿನಲ್ಲಿ, ಎ ಅಂಡ್ ಎಂ ಎದುರು 49–25ರ ಸೋಲಿನ ಮರುದಿನ ಮುಗಿಯಿತು. ಬಾಕಿ ಸುಮಾರು 5.4 ಕೋಟಿ. ಆಗ ಹುಟ್ಟಿದ ಪ್ರಶ್ನೆ ತರ್ಕಶಾಸ್ತ್ರದಲ್ಲಿ ಅಪೂರ್ವ: ತೆಗೆದಿದ್ದಾರೆಯೇ? ವಿಶ್ವವಿದ್ಯಾಲಯದ ಕಡೆಯವರು ವಿಧಿವತ್ತಾಗಿ ಇನ್ನೂ ತೆಗೆದಿಲ್ಲ ಎಂಬ ವಾದ ಹೂಡಿದರು. ತನ್ನನ್ನು ನಿಜವಾಗಿಯೂ ತೆಗೆಯಲಾಗಿದೆ ಎಂದು ಘೋಷಿಸಿ ಎಂದು ಕೋರಿ ಕೆಲಿಯೇ ಕೋರ್ಟಿನ ಮೆಟ್ಟಿಲು ಹತ್ತಿದರು. ಕೊನೆಗೆ ವಿಶ್ವವಿದ್ಯಾಲಯ ತೆಗೆದೆವೆಂದು ಒಪ್ಪಿತು. ಅಷ್ಟರಲ್ಲಿ ಗವರ್ನರ್ ಜೆಫ್ ಲ್ಯಾಂಡ್ರಿ, ಮುಂದಿನ ಕೋಚ್‌ನನ್ನು ಕ್ರೀಡಾನಿರ್ದೇಶಕ ಸ್ಕಾಟ್ ವುಡ್‌ವರ್ಡ್ ಆರಿಸುವುದಕ್ಕಿಂತ ಡೊನಾಲ್ಡ್ ಟ್ರಂಪ್ ಆರಿಸಿದರೂ ಆದೀತು ಎಂದುಬಿಟ್ಟಿದ್ದರು. 2017ರಲ್ಲಿ ಎ ಅಂಡ್ ಎಂಗೆ ಫಿಶರನ್ನು ಕರೆತಂದವರೂ ಇದೇ ವುಡ್‌ವರ್ಡ್.

ಸೂತ್ರ 5. ನಿಷ್ಠೆ ಹುಡುಗರಿಗೆ ನಿತ್ಯಕರ್ಮ, ಕೋಚ್‌ಗೆ ಕಾಮ್ಯಕರ್ಮ.

2021ರವರೆಗೆ ಒಬ್ಬ ಆಟಗಾರ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ತನ್ನನ್ನು ಮನೆಗೆ ಬಂದು ಕರೆದ, ಅಮ್ಮನಿಗೆ ಮಾತು ಕೊಟ್ಟ ಕೋಚ್ ಹೇಳದೆ ಕೇಳದೆ ಹೋಗಿದ್ದರೂ ಅಷ್ಟೇ. ಕೋಚ್‌ಗೆ ಮಾತ್ರ ಒಂದು ವಾರವೂ ಕೂರುವ ಕಟ್ಟಳೆಯಿಲ್ಲ. ಹುಡುಗನಿಗೆ ಸಿಗುತ್ತಿದ್ದುದು ವಿದ್ಯಾರ್ಥಿವೇತನ. ತನ್ನ ಸಹಿ ಮಾರಿಕೊಂಡರೆ ಅಮಾನತು. 2021ರಲ್ಲಿ ಹುಡುಗರೂ ತಮ್ಮ ಹೆಸರಿನಿಂದ ದುಡಿಯಬಹುದು, ತಂಡ ಬದಲಿಸಬಹುದು ಎಂದಾಯಿತು. ಕಾಲ ಕೆಟ್ಟಿತು, ಹುಡುಗರಲ್ಲಿ ನಿಷ್ಠೆ ಉಳಿದಿಲ್ಲ ಎಂಬ ಕೂಗು ಎದ್ದದ್ದು ಆಗಲೇ. ಕೂಗಿದವರು ಕೋಚ್‌ಗಳು. 2022ರಲ್ಲಿ ಸೇಬನ್, ಎ ಅಂಡ್ ಎಂ ತನ್ನ ಆಟಗಾರರನ್ನೆಲ್ಲ ಕೊಂಡುಕೊಂಡಿದೆ ಎಂದರು. ಅಲ್ಲಿನ ಕೋಚ್, ಒಂದು ಕಾಲಕ್ಕೆ ಸೇಬನ್‌ರದೇ ಸಹಾಯಕನಾಗಿದ್ದ ಫಿಶರ್, ಸುದ್ದಿಗೋಷ್ಠಿ ಕರೆದು ಕೆಂಡ ಕಾರಿದರು. 2025ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಒಂದು ಕಾಲೇಜಿನ ಎಲ್ಲ ಕ್ರೀಡೆಗಳ ಎಲ್ಲ ಆಟಗಾರರಿಗೆ ಸೇರಿ ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಫಿಶರ್‌ಗೆ ಮನೆಯಲ್ಲಿರಲು ಕೊಟ್ಟದ್ದು ಇದರ ಮೂರೂವರೆ ಪಟ್ಟಿಗೂ ಹೆಚ್ಚು. ಕೋಚ್‌ಗಳ ದಕ್ಷಿಣೆಗೆ ಮಿತಿ ಹಾಕುವ ಮಾತು ಶಾಸ್ತ್ರಬಾಹಿರ.

ಸೂತ್ರ 6. ಮರಳಿ ಬಂದವನು ಹೊಸಬ.

2007ರಲ್ಲಿ ವೆಸ್ಟ್ ವರ್ಜೀನಿಯಾ ತೊರೆದು ಮಿಷಿಗನ್‌ಗೆ ಹೋದ ರಿಚ್ ರಾಡ್ರಿಗೆಜ್ ಮೇಲೆ ವೆಸ್ಟ್ ವರ್ಜೀನಿಯಾ ಮೊಕದ್ದಮೆ ಹೂಡಿ 40 ಲಕ್ಷ ಡಾಲರ್ ವಸೂಲು ಮಾಡಿತು. 2024ರ ಡಿಸೆಂಬರಿನಲ್ಲಿ ಅವರನ್ನೇ ಕೋಚ್ ಎಂದು ಬರಮಾಡಿಕೊಂಡಿತು. ಸ್ಪಷ್ಟ.

ಕೊನೆಯದಾಗಿ ಒಂದು ಕಠಿಣ ಪ್ರಕರಣ. ಲೇನ್ ಕಿಫಿನ್ 2010ರ ಜನವರಿಯಲ್ಲಿ, ಒಂದೇ ಋತು ಆಡಿಸಿ ಟೆನೆಸಿ ಬಿಟ್ಟಾಗ ವಿದ್ಯಾರ್ಥಿಗಳು ಹಾಸಿಗೆಗಳಿಗೆ ಬೆಂಕಿಯಿಟ್ಟಿದ್ದರು. ಅವರು ಸೇರಿದ ಸದರ್ನ್ ಕ್ಯಾಲಿಫೋರ್ನಿಯಾ 2013ರಲ್ಲಿ, ಸೋತು ಬಂದ ರಾತ್ರಿ, ವಿಮಾನ ನಿಲ್ದಾಣದಲ್ಲೇ ಅವರನ್ನು ತೆಗೆಯಿತು. ಇಷ್ಟಕ್ಕೆ ಲೆಕ್ಕ ಸಮ. 2025ರಲ್ಲಿ ಅವರ ಓಲ್ ಮಿಸ್ ತಂಡ 11 ಗೆದ್ದು, ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲೇ ಮೊದಲ ಬಾರಿಗೆ ರಾಷ್ಟ್ರೀಯ ಪ್ರಶಸ್ತಿಯ ಪ್ಲೇಆಫ್ ಹೊಸ್ತಿಲಲ್ಲಿ ನಿಂತಿತ್ತು. ನವೆಂಬರ್ 30ರಂದು ಕಿಫಿನ್ ಲೂಯಿಸಿಯಾನಾ ಸ್ಟೇಟ್‌ಗೆ ಹೊರಟರು. ಏಳು ವರ್ಷ, ವರ್ಷಕ್ಕೆ ಸುಮಾರು 1.3 ಕೋಟಿ. ಪ್ಲೇಆಫ್ ಮುಗಿಸಿ ಹೋಗುತ್ತೇನೆ ಎಂದರು, ಓಲ್ ಮಿಸ್ ಬೇಡವೆಂದಿತು. ವಿಮಾನ ನಿಲ್ದಾಣದ ಬೇಲಿಯ ಬಳಿ ನೆರೆದ ಜನ ಬೆರಳ ಭಾಷೆಯಲ್ಲಿ ಬೀಳ್ಕೊಟ್ಟರು. ಸಹಾಯಕ ಪೀಟ್ ಗೋಲ್ಡಿಂಗ್ ತಂಡ ವಹಿಸಿಕೊಂಡರು. ತೊಡಕಿರುವುದು ಮುಂದೆ: ಓಲ್ ಮಿಸ್ ಪ್ಲೇಆಫ್‌ನಲ್ಲಿ ಮುಂದೆ ಹೋದಂತೆಲ್ಲ ಕಿಫಿನ್‌ಗೆ ಅಲ್ಲಿದ್ದಿದ್ದರೆ ಸಿಗುತ್ತಿದ್ದ ಬೋನಸ್ಸನ್ನು ಹೊಸ ಒಡೆಯರು ಕೊಡಬೇಕೆಂದು ಕರಾರಾಗಿತ್ತು.

ಓಲ್ ಮಿಸ್ ಮೊದಲು ಟುಲೇನನ್ನು ಸೋಲಿಸಿತು. ಆಮೇಲೆ ಜನವರಿ 1ರಂದು, ಅದೂ ಲೂಯಿಸಿಯಾನಾದ ನ್ಯೂ ಆರ್ಲಿಯನ್ಸ್‌ನಲ್ಲೇ, ಜಾರ್ಜಿಯಾವನ್ನು 39–34ರಿಂದ ಕೆಡವಿತು. ಬಿಟ್ಟುಬಂದ ತಂಡ ಗೆದ್ದಷ್ಟೂ ಬಿಟ್ಟುಬಂದವನಿಗೆ ಲಾಭ, ಕರೆದುಕೊಂಡವರಿಗೆ ನಷ್ಟ. ಸೆಮಿಫೈನಲ್‌ನಲ್ಲಿ ಮಯಾಮಿ ವಿಶ್ವವಿದ್ಯಾಲಯ 31–27ರಿಂದ ಗೆದ್ದು ಇದಕ್ಕೆ ತೆರೆ ಎಳೆಯಿತು. ಲೂಯಿಸಿಯಾನಾ ಸ್ಟೇಟ್‌ನ ಲೆಕ್ಕಪತ್ರ ವಿಭಾಗದವರು ಆ ರಾತ್ರಿ ಟಿವಿ ಮುಂದೆ ಯಾರ ಪರವಾಗಿ ಕೂತಿದ್ದಿರಬಹುದು ಎಂದು ತಿಳಿಯಲು ಸೂತ್ರವೇ ಬೇಕಿಲ್ಲ.