ನಿನ್ನ ಹೊಗೆ ಮಾಲಿನ್ಯ, ನನ್ನ ಹೊಗೆ ಪರಂಪರೆ

ಚೆನ್ನಾಗಿ ರಿಪೇರಿಯಾದ ಹಳೇ ಟೂ ಸ್ಟ್ರೋಕ್ ಬೈಕ್ ಆರ್‌ಎಕ್ಸ್ 100 ಬೇಕೇ? ಲಕ್ಷ ರೂಪಾಯಿ ಜೇಬಲ್ಲಿಟ್ಟುಕೊಂಡು ಬನ್ನಿ. ಸಾಲದಿದ್ದರೆ ಇನ್ನಷ್ಟು ತನ್ನಿ. ಕೇಳಿದ ತಕ್ಷಣ ಕೊಡುತ್ತಾರೆಂದೂ ತಿಳಿಯಬೇಡಿ. ಮೊದಲು ನಿಮ್ಮ ಭಕ್ತಿಯನ್ನು ಪರೀಕ್ಷಿಸುತ್ತಾರೆ.

ಈ ಭಕ್ತರು ಮೂವತ್ತು ವರ್ಷದ ಹಿಂದೆ ಎಲ್ಲಿದ್ದರು? ಇದೇ ಗಾಡಿಯನ್ನು ಗುಜರಿಗೆ ತಳ್ಳುತ್ತಿದ್ದರು. ಎಣ್ಣೆ ಕುಡಿಯುತ್ತೆ, ಹೊಗೆ ಕಾರುತ್ತೆ, ಮೈಲೇಜ್ ಇಲ್ಲ ಎಂದು ಮೂಗು ಮುರಿದು, ಲೀಟರಿಗೆ ಎಂಬತ್ತು ಕಿಲೋಮೀಟರ್ ಎಂಬ ಮಾತಿಗೆ ಮರುಳಾಗಿ ನಾಲ್ಕು ಸ್ಟ್ರೋಕಿನ ಗಾಡಿಗೆ ಸಾಲು ನಿಂತವರು ಇವರೇ. ಈಗ ಅವರ ಕಣ್ಣಲ್ಲಿ ನೀರು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನೇ ನೋಡಿ. ಅರವತ್ತರ ದಶಕದ ಆರಂಭದಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕ್ ಇಲ್ಲಿ ತಯಾರಾಗತೊಡಗಿತು. ಆಮೇಲೆ ಅದೇ ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಕಾರ್ಮಿಕರು ಬೀದಿಗೆ ಬಿದ್ದರು. ಆಗ ಊರಿಗೆ ಊರೇ ಎದ್ದು ಪ್ರತಿಭಟಿಸಿತೇ? ಇಲ್ಲ. ಊರಿನ ಹೆಮ್ಮೆ ಎಂಬುದು ನಮಗೆ ನೆನಪಾದದ್ದು ಗೇಟಿಗೆ ತುಕ್ಕು ಹಿಡಿದ ಮೇಲೆ.

ಈಗ ಜುಲೈ ಬಂತೆಂದರೆ ಜಾವಾ ಯೆಜ್ಡಿ ದಿನ. ಟೀ ಶರ್ಟು, ಮೆರವಣಿಗೆ, ಸೆಲ್ಫಿ. ಆ ಗಾಡಿ ಕಟ್ಟಿದ ಕೈಗಳನ್ನು ಆ ದಿನ ಎಷ್ಟು ಜನ ನೆನೆಯುತ್ತಾರೋ! 2018ರಲ್ಲಿ ಜಾವಾ ಹೆಸರು ಮರಳಿ ಬಂತು, 2022ರಲ್ಲಿ ಯೆಜ್ಡಿಯದೂ ಬಂತು. ಎಂಜಿನ್ ಮಾತ್ರ ನಾಲ್ಕು ಸ್ಟ್ರೋಕಿನದು. ಹೆಸರಿಗೆ ಪುನರ್ಜನ್ಮ, ಹೊಗೆಗೆ ಮೋಕ್ಷ.

ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವುಗಳ ಸಾಲಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಒಳಗೆ ನುಗ್ಗುವ ಹೊಸ ಪೆಟ್ರೋಲು ಸುಟ್ಟ ಹೊಗೆಯನ್ನು ಆಚೆ ನೂಕುವಾಗ ತಾನೂ ಒಂದಿಷ್ಟು ಸುಡದೆ ಜಾರಿಕೊಳ್ಳುತ್ತದೆ. ಜೊತೆಗೆ ಪೆಟ್ರೋಲಿಗೆ ಬೆರೆತ ಎಣ್ಣೆಯೂ ಉರಿಯಬೇಕು. ಅಂದರೆ ಹೊಗೆ ಅದರ ಕಾಯಿಲೆಯಲ್ಲ, ಜಾತಕ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಇಲ್ಲಿ ಸುಟ್ಟಷ್ಟೂ ಹೆಚ್ಚು.

ಇದೇ ಹೊಗೆಗಾಗಿ ಬೆಂಗಳೂರಿನಲ್ಲಿ ಟೂ ಸ್ಟ್ರೋಕ್ ಆಟೊಗಳನ್ನು ಅಟ್ಟಿದರು. ಗುಜರಿಗೆ ಹಾಕು, 30,000 ರೂಪಾಯಿ ಸಹಾಯಧನ ತಗೋ ಎಂದರು. ಹೊಟ್ಟೆಪಾಡಿನ ಗಾಡಿ, ಸಾಲದ ಮೇಲೆ ಸಾಲ. ಆದರೂ ಗಾಳಿ ಶುದ್ಧವಾಗಬೇಕಲ್ಲ? ಅಂದು ಚಪ್ಪಾಳೆ ತಟ್ಟಿದ ಬಡಾವಣೆಯಲ್ಲೇ ಇಂದು ಭಾನುವಾರ ಬೆಳಿಗ್ಗೆ ಆರಕ್ಕೆ ಯೆಜ್ಡಿ ಸ್ಟಾರ್ಟ್ ಆಗುತ್ತದೆ. ಬೀದಿಯೆಲ್ಲ ನೀಲಿ. ಆಟೊದವನು ಬಿಟ್ಟರೆ ಮಾಲಿನ್ಯ, ಸಾಹೇಬರು ಬಿಟ್ಟರೆ ಪರಂಪರೆ. ಸೋಮವಾರ ಈ ಸಾಹೇಬರೇ ಮಾಸ್ಕ್ ಹಾಕಿಕೊಂಡು ನಗರದ ಗಾಳಿ ಕೆಟ್ಟಿತೆಂದು ಕಚೇರಿಯಲ್ಲಿ ಭಾಷಣ ಬಿಗಿಯುತ್ತಾರೆ.

ಇನ್ನು ‘ಒರಿಜಿನಲ್’ ಎಂಬ ಮಂತ್ರ. ಟ್ಯಾಂಕು ನಕಲಿ, ಸ್ಟಿಕರ್ ನಕಲಿ, ಮೀಟರ್ ದಿಲ್ಲಿಯದು, ಕಾರ್ಬುರೇಟರ್ ಚೀನಾದ್ದು. ಚಾಸಿ ನಂಬರ್ ಒಂದು ಉಳಿದಿದೆ, ದೇವರ ದಯೆ. ಆದರೂ ಮಾಲೀಕನಿಗೆ ಅದು ನೂರಕ್ಕೆ ನೂರು ಒರಿಜಿನಲ್. ಇನ್ನೊಬ್ಬ ಮಹಾಶಯ ಗಟ್ಟಿಮುಟ್ಟಾದ ಯೆಜ್ಡಿ ರೋಡ್‌ಕಿಂಗ್ ತಂದು ಹಿಂದಿನ ಮಡ್‌ಗಾರ್ಡ್ ಕೊಯ್ದ, ಸೀಟು ಕೊಯ್ದ, ಕ್ರೋಮ್ ಹೊಳೆಯುತ್ತಿದ್ದ ಟ್ಯಾಂಕಿಗೆ ಕಪ್ಪು ಬಳಿದ. ಕಟುಕನ ಕೆಲಸ ಮಾಡಿ ಅದಕ್ಕೆ ರೆಸ್ಟೊರೇಷನ್ ಎಂದು ಹೆಸರಿಟ್ಟ.

ಸೈಲೆನ್ಸರ್ ಶೂರರ ಕಥೆ ಬೇರೆ. ಒಳಗಿನ ಬ್ಯಾಫಲ್ ಕಿತ್ತು ಎಸೆದರೆ ಪವರ್ ಬರುತ್ತದಂತೆ! ಬರುವುದು ಸದ್ದು. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರೂ ಎಂಜಿನ್ನಿನ ಒಂದು ಭಾಗ. ಅಲ್ಲಿಂದ ತಿರುಗಿ ಬರುವ ಒತ್ತಡದ ಅಲೆಯೇ ಜಾರಿಹೋಗಲಿದ್ದ ಪೆಟ್ರೋಲನ್ನು ಸಿಲಿಂಡರಿಗೆ ಮತ್ತೆ ದಬ್ಬುವುದು. ಆ ಲೆಕ್ಕ ಕೆಡಿಸಿದರೆ ಆರ್‌ಎಕ್ಸ್ 100ಕ್ಕೆ ಕಂಪನಿ ಕೊಟ್ಟ 11 ಅಶ್ವಗಳಲ್ಲಿ ಕೆಲವು ಲಾಯದಲ್ಲೇ ಮಲಗುತ್ತವೆ. ಉಳಿದವು ಕೂಗುತ್ತವೆ, ಓಡುವುದಿಲ್ಲ. ಪೊಲೀಸರು ಇಂಥ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುತ್ತಾರೆ, ಕ್ಯಾಮೆರಾದ ಮುಂದೆ. ಅವನ್ನು ಮಾರುವ ಅಂಗಡಿಯ ಶಟರ್ ಮಾತ್ರ ಮರುದಿನವೂ ಹತ್ತು ಗಂಟೆಗೆ ಸರಿಯಾಗಿ ಏಳುತ್ತದೆ.

ಸರ್ಕಾರವೂ ಪರಂಪರೆಯ ಪ್ರೇಮಿ. 2021ರಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು. ನೋಂದಣಿಗೆ 20,000 ರೂಪಾಯಿ. ವಿಎ ಎಂಬ ಅಕ್ಷರದ ವಿಶೇಷ ನಂಬರ್ ಪ್ಲೇಟ್. ಇಷ್ಟೆಲ್ಲ ಮಾಡಿದ ಮೇಲೆ ದಿನನಿತ್ಯ ಓಡಿಸುವಂತಿಲ್ಲ! ಪ್ರದರ್ಶನಕ್ಕೆ ಒಯ್ಯಬಹುದು, ರ‍್ಯಾಲಿಗೆ ಒಯ್ಯಬಹುದು, ಪೆಟ್ರೋಲ್ ಹಾಕಿಸಲು ಒಯ್ಯಬಹುದು. ಆರ್‌ಎಕ್ಸ್ 100 ಬಂದದ್ದು 1985ರಲ್ಲಿ. ಆದ್ದರಿಂದ 2035ರವರೆಗೆ ಅದು ವಿಂಟೇಜೂ ಅಲ್ಲ, ಬರೀ ಹಳೇ ಗಾಡಿ. ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಬಾಗಿಲಲ್ಲಿ ನಿಲ್ಲಬೇಕು. ಬಂಕಿನಲ್ಲಿ ಸಿಗುವುದೋ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಅಂದಿನ ರಬ್ಬರ್ ಪೈಪು, ವಾಷರುಗಳಿಗೆ ಅದು ಆಗಿಬರುವುದಿಲ್ಲ. ಎಥೆನಾಲ್ ನೀರು ಎಳೆಯುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿಗೆ ಒಳಗಿನಿಂದಲೇ ತುಕ್ಕು.

ನಿಲ್ಲಿಸುವುದೇ ಹೆಚ್ಚು ಅನ್ನಿ. ಎಷ್ಟೋ ಗಾಡಿಗಳು ಈಗ ಹಾಲ್‌ನಲ್ಲಿ ಟಿವಿ ಪಕ್ಕ ನಿಂತಿವೆ, ಕೆಳಗೊಂದು ಕಾರ್ಪೆಟ್ ಹಾಸಿಕೊಂಡು. ಯೆಜ್ಡಿಯ ಕಿಕ್ಕರೇ ಗೇರ್ ಲಿವರ್ ಕೂಡ ಎಂಬುದು ಮನೆಯೊಡೆಯನಿಗೆ ಗೊತ್ತಿದೆಯೋ ಇಲ್ಲವೋ, ಬೆಲೆ ಮಾತ್ರ ಬಾಯಿಪಾಠ.

ಇವನ್ನೆಲ್ಲ ಇಷ್ಟು ಕಾಲ ಬದುಕಿಸಿದವನು ಯಾರು? ಬೀದಿ ತಿರುವಿನ ಮೆಕ್ಯಾನಿಕ್. ಪಾಯಿಂಟ್ ಗ್ಯಾಪನ್ನು ಫೀಲರ್ ಗೇಜ್ ಇಲ್ಲದೆ ಕಣ್ಣಲ್ಲೇ ಅಳೆಯುವವನು. ಸದ್ದು ಕೇಳಿಯೇ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ ಎನ್ನುವವನು. ಇಂಗಾಲ ಕಟ್ಟಿದ ಸೈಲೆನ್ಸರನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿ ಕೈ ಸುಟ್ಟುಕೊಂಡವನು. ನಕಲಿ ಸ್ಟಿಕರಿಗೆ ಕೇಳಿದಷ್ಟು ಎಣಿಸಿ ಕೊಡುವ ಪರಂಪರಾಪ್ರೇಮಿ ಇವನ ಕೂಲಿಯ ಮಾತು ಬಂದಾಗ ತರಕಾರಿ ಮಾರ್ಕೆಟ್ಟಿಗೆ ಇಳಿದುಬಿಡುತ್ತಾನೆ.

ಮೊನ್ನೆ ಇಂಥದೇ ಒಂದು ಗ್ಯಾರೇಜಿನಲ್ಲಿ ನಿಂತಿದ್ದೆ. ಪಿಸ್ಟನ್ ಸೀಜ್ ಆದ ಗಾಡಿ ಬಂದಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಲು ಮರೆತಿದ್ದರು, ಅಷ್ಟೆ. ಸಿಲಿಂಡರ್ ಬೋರ್ ಆಯಿತು, ಹೊಸ ಪಿಸ್ಟನ್, ಹೊಸ ರಿಂಗ್ ಬಿತ್ತು. ಮಾಲೀಕರು ಭಾವುಕರಾದರು.

“ನಿಮ್ಮ ನಂತರ ಈ ವಿದ್ಯೆ ಉಳಿಯಬೇಕು ಮೇಸ್ತ್ರಿ. ನಿಮ್ಮ ಮಗನಿಗೆ ಕಲಿಸಿ.”

“ಅವನು ಕಂಪ್ಯೂಟರ್ ಕೋರ್ಸ್ ಮಾಡ್ತಿದಾನೆ ಸಾರ್. ನಿಮ್ಮ ಮಗನ್ನ ಕಳಿಸಿ, ಕಲಿಸ್ತೀನಿ.”

ಸಾಹೇಬರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಬಿಲ್ಲು ಎತ್ತಿಕೊಂಡು, “ಲೇಬರ್ ಚಾರ್ಜು ಸ್ವಲ್ಪ ಜಾಸ್ತಿ ಆಯ್ತಲ್ವಾ?” ಎಂದರು.