ನಾಯಿಗೂ ಕಾಣದ ಬೇಲಿ

ಅಮೆರಿಕದ ಉಪನಗರಗಳಲ್ಲಿ ಮನೆ ಮುಂದೆ ಹುಲ್ಲುಹಾಸು ಇರಲೇಬೇಕು, ಬೇಲಿ ಮಾತ್ರ ಕೂಡದು. ಎಷ್ಟೋ ಬಡಾವಣೆಗಳಲ್ಲಿ ಮನೆಮಾಲೀಕರ ಸಂಘದ ಕಟ್ಟಳೆಯೇ ಹಾಗಿದೆ. ಕಟ್ಟಳೆ ನಾಯಿಗೆ ತಿಳಿಯದು, ರಸ್ತೆಯ ಕಾರಿಗೆ ನಾಯಿ ಕಾಣದು. ಈ ಇಕ್ಕಟ್ಟಿಗೆ 1970ರ ದಶಕದಲ್ಲಿ ರಿಚರ್ಡ್ ಪೆಕ್ ಎಂಬಾತ ಹುಡುಕಿದ ಉಪಾಯವೇ ಕಾಣದ ಬೇಲಿ. ಅಂಗಳದ ಸುತ್ತ ನೆಲದೊಳಗೆ ತಂತಿ ಹೂಳುತ್ತಾರೆ, ಗ್ಯಾರೇಜಿನ ಗೋಡೆಗೆ ಒಂದು ಟ್ರಾನ್ಸ್‌ಮಿಟರ್ ಪೆಟ್ಟಿಗೆ ತಗಲಿಸುತ್ತಾರೆ. ನಾಯಿಯ ಕೊರಳಪಟ್ಟಿಯಲ್ಲಿ ಅದರ ರಿಸೀವರ್. ಪಟ್ಟಿಯ ಎರಡು ಲೋಹದ ಮೊಳೆಗಳು ಕೂದಲ ನಡುವೆ ತೂರಿ ಚರ್ಮಕ್ಕೇ ತಾಗಿರಬೇಕು. ಗಡಿ ಸಮೀಪಿಸಿದರೆ ಬೀಪ್, ಮುಂದೆ ಹೋದರೆ ಶಾಕ್. ಮರದ ಬೇಲಿಗಿಂತ ಖರ್ಚು ಕಡಿಮೆ, ಬಂಡೆ-ಇಳಿಜಾರುಗಳ ದೊಡ್ಡ ಜಮೀನಿಗೂ ಒಗ್ಗುತ್ತದೆ, ನಾಯಿ ಸರಪಳಿಯಿಲ್ಲದೆ ಓಡಾಡುತ್ತದೆ. ನೆಲ ತೋಡಿ ಓಡಿಹೋಗುವ ನಾಯಿಗೆ ತೋಡಲು ಬುಡವೇ ಸಿಗದು. ಇಷ್ಟೂ ನಿಜವೇ.

ಆದರೆ ಈ ಬೇಲಿ ತಡೆಯುವುದು ಹೇಗೂ ನಿಲ್ಲುತ್ತಿದ್ದ ನಾಯಿಯನ್ನು. ಅಳಿಲೊಂದು ರಸ್ತೆಯಾಚೆಗೆ ಜಿಗಿದಾಗ ಬೇಟೆಯ ಹುಮ್ಮಸ್ಸಿನ ನಾಯಿ ಅರೆಕ್ಷಣದ ಶಾಕನ್ನು ಸುಂಕವೆಂದು ಕಟ್ಟಿ ದಾಟಿಬಿಡುತ್ತದೆ. ಪೇಚಾಟ ಶುರುವಾಗುವುದು ಹಿಂದಿರುಗುವಾಗ. ಅಳಿಲು ಮರ ಹತ್ತಿಯಾಗಿದೆ, ಉತ್ಸಾಹ ಇಳಿದಿದೆ, ಮತ್ತೆ ಸುಂಕ ಕಟ್ಟಲು ಮನಸ್ಸಿಲ್ಲ. ಒಳಗೆ ಯಜಮಾನ ಬಿಸ್ಕತ್ತು ಹಿಡಿದು ಬಾ ಬಾ ಎನ್ನುತ್ತಾನೆ. ನಾಯಿ ಗಡಿಯಾಚೆ ಕೂತು ಬಾಲ ಅಲ್ಲಾಡಿಸುತ್ತದೆಯೇ ಹೊರತು ಒಂದು ಹೆಜ್ಜೆ ಇಡದು. ಮನೆಗೆ ಬಾರದಂತೆ ನಾಯಿಯನ್ನು ತಡೆಯಲು ಅಷ್ಟು ದುಡ್ಡು ಕೊಟ್ಟದ್ದೇ ಎಂದು ಯೋಚಿಸುವ ಸರದಿ ಆಗ ಯಜಮಾನನದು. ಇತ್ತ ಪಕ್ಕದ ಬೀದಿಯ ಜಗಳಗಂಟ ನಾಯಿಗೆ ಪಟ್ಟಿಯೂ ಇಲ್ಲ, ಸುಂಕವೂ ಇಲ್ಲ, ನೇರ ಒಳಗೆ. ಪಟ್ಟಿ ತೊಟ್ಟವನಿಗೆ ಹೊರಗೋಡುವ ದಾರಿಯೂ ಬಂದ್.

ಶಾಕ್ ಬಲು ಸಣ್ಣದು, ಒಣ ಚಳಿಗಾಲದಲ್ಲಿ ಲೋಹದ ಬಾಗಿಲ ಹಿಡಿ ಮುಟ್ಟಿದಾಗ ಚುರುಕ್ಕೆನ್ನುವಷ್ಟೇ ಎಂಬುದು ಮಾರುವವರ ಸಮಾಧಾನ. ಅಷ್ಟೇ ಆದರೆ ಮೊಲ ಕಂಡ ನಾಯಿ ನಿಲ್ಲಲಾರದು. ನಿಲ್ಲುವುದಾದರೆ ಅದು ಅಷ್ಟೇ ಅಲ್ಲ. ಎರಡನ್ನೂ ಒಟ್ಟಿಗೆ ಮಾರುವುದು ಜಾಣತನ. ಕೆಲವು ವಾರ ಗಡಿಯುದ್ದಕ್ಕೂ ಸಣ್ಣ ಬಾವುಟ ನೆಟ್ಟು ಸರಿಯಾಗಿ ಕಲಿಸಿದರೆ ಬೀಪೊಂದೇ ಸಾಕು, ಶಾಕ್ ಬೇಕಾಗದು ಎಂಬ ವಾದಕ್ಕೆ ಹೆಚ್ಚು ತೂಕವಿದೆ. ಅನೇಕ ನಾಯಿಗಳು ಹಾಗೆ ಕಲಿಯುತ್ತವೆ. ಆದರೂ 2017ರಲ್ಲಿ ಪ್ರಕಟವಾದ ಒಹಾಯೊದ ಅಧ್ಯಯನವೊಂದರಲ್ಲಿ ಈ ಬೇಲಿಯೊಳಗಿನ ನಾಯಿಗಳಲ್ಲಿ ಶೇ. 44ರಷ್ಟು ತಪ್ಪಿಸಿಕೊಂಡಿದ್ದವು, ಕಣ್ಣಿಗೆ ಕಾಣುವ ಬೇಲಿಗಳಲ್ಲಿ ಶೇ. 23. ಕಚ್ಚುವ ವಿಷಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಶಾಕ್ ತಿಂದ ನಾಯಿಗಳೆಲ್ಲ ಕಚ್ಚುತ್ತವೆ ಎನ್ನುವ ವಿರೋಧಿಗಳಿಗೆ ಇದು ರುಚಿಸದು. ವೇಲ್ಸ್ 2010ರಲ್ಲೇ ಇಂಥ ಪಟ್ಟಿಗಳನ್ನು ನಿಷೇಧಿಸಿತು. ಕಾನೂನು ಏನೇ ಹೇಳಲಿ, ಪ್ರಾಣಿಗಳಂತೂ ಬೇಲಿಯ ಮರ್ಮವನ್ನು ನಮಗಿಂತ ಬೇಗ ಹಿಡಿಯುತ್ತವೆ: ನಮ್ಮ ಕೊಡಗು-ಹಾಸನದ ಆನೆಗಳು ಸೋಲಾರ್ ತಂತಿಯ ಮೇಲೆ ಮರ ಕೆಡವಿ ದಾಟುವುದಿಲ್ಲವೇ?

ಹಾಗೆಂದು ಹೆದ್ದಾರಿ ಪಕ್ಕದ ಹತ್ತಾರು ಎಕರೆಯವನಿಗೆ ಇದು ಬೇಡವೇ ಬೇಡ ಎನ್ನಲಾಗದು; ಲಾರಿಗಿಂತ ಶಾಕ್ ವಾಸಿ. ಆದರೆ ಮೊಳೆ ಒತ್ತಿ ಹುಣ್ಣಾಗದಂತೆ ರಾತ್ರಿ ಪಟ್ಟಿ ಬಿಚ್ಚಬೇಕು, ಬ್ಯಾಟರಿ ನೋಡುತ್ತಿರಬೇಕು, ನಾಯಿ ಅಂಗಳದಲ್ಲಿರುವಷ್ಟು ಹೊತ್ತು ಯಾರಾದರೂ ಜೊತೆಗಿರಬೇಕು. ಸಣ್ಣ ಅಂಗಳದವರಿಗೆ ಕೊನೆಯ ಷರತ್ತೊಂದೇ ಸಾಕು. ಹೇಗೂ ಅಲ್ಲೇ ನಿಂತಿರುವಾಗ ಕೈಯಲ್ಲೊಂದು ಹಗ್ಗ ಹಿಡಿದರೆ ಸಂಘದವರೂ ಆಕ್ಷೇಪಿಸಲಾರರು.